ಮೂರು ಬೆರಳು, ನಾಲ್ಕು ಬೆರಳು

ಚಳ್ಳಕೆರೆ
ಸೋಮವಾರ, 5 ಫೆಬ್ರವರಿ 2007

ಗೆಳೆಯ ಓಬಳೇಶನಿಗೆ ಮಾರುತೇಶನ ನಮಸ್ಕಾರ.

ಕಾಗದದ ನೆತ್ತಿಯ ಮೇಲೆ ‘ಉಭಯ ಕುಶಲೋಪರಿ’ ಎಂದು ಬರೆಯುವುದು ರೂಢಿ. ಉಭಯರಲ್ಲಿ ಒಬ್ಬನ ಕುಶಲವಷ್ಟೇ ನನಗೆ ಗೊತ್ತು, ಅದೂ ಅಷ್ಟಕ್ಕಷ್ಟೆ. ಇನ್ನೊಬ್ಬ ಗಡಿಯಾಚೆ ಧರ್ಮಾವರದಲ್ಲಿದ್ದಾನೆ, ಫೋನು ಎತ್ತುವುದಿಲ್ಲ. ನಿನ್ನ ಮೊಬೈಲಿನೊಳಗೆ ಕೂತು ‘ಚಂದಾದಾರರು ಉತ್ತರಿಸುತ್ತಿಲ್ಲ’ ಎನ್ನುವ ಹೆಂಗಸು ಈ ಎರಡು ವಾರದಲ್ಲಿ ನನ್ನೊಂದಿಗೆ ನಿನಗಿಂತ ಹೆಚ್ಚು ಮಾತಾಡಿದ್ದಾಳೆ. ಆದ್ದರಿಂದ ಸದ್ಯಕ್ಕೆ ಇದನ್ನು ‘ಏಕ ಕುಶಲೋಪರಿ’ ಎಂದು ಓದಿಕೋ.

ತಡವಾಯಿತು, ಬೈಯಬೇಡ. ಇದು ನಾಲ್ಕನೆಯ ಪ್ರಯತ್ನ. ಮೊದಲ ಸಲ ಎರಡು ಸಾಲು ಬರೆದು ನೀರು ಕುಡಿಯಲು ಎದ್ದವನು ಮತ್ತೆ ಕೂರಲಿಲ್ಲ. ಎರಡನೆಯ ಸಲ ಸೈಕಲ್ಲಿಗೆ ಗಾಳಿ ಹಾಕಿಸಲು ಹೋದೆ. ಗಾಳಿ ಇಳಿದಿರಲೇ ಇಲ್ಲ. ಮೂರನೆಯದು ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಸೇರಿಹೋಗಿ, ಅದಕ್ಕೂ ನಾನೇ ಅಂಕ ಕೊಟ್ಟುಬಿಟ್ಟಿದ್ದೇನೆ: ಹತ್ತಕ್ಕೆ ಎರಡು. ‘ವಿಷಯಕ್ಕೆ ಬರಬೇಕು’ ಎಂಬ ಷರಾ ಬೇರೆ. ಶಾಂತಕುಮಾರಿ ಅದನ್ನು ನೋಡಿ, “ಯಾರಿಗ್ರೀ ಇದು, ಓಬಳೇಶಣ್ಣಂಗಾ? ಆ ಹೆಸರು ಬರೆಯಾಕೆ ಕುಂತ್ರೆ ಸಾಕು, ಕುರ್ಚೀಲಿ ಇರುವೆ ಬಿಟ್ಟಂಗಾಡ್ತೀರಲ್ಲ,” ಅಂದಳು. ನನ್ನ ಹೆಂಡತಿ ಭೌತಶಾಸ್ತ್ರ ಓದಿದವಳಲ್ಲ. ಆದರೆ ಚಲನೆಯ ನಿಯಮಗಳೆಲ್ಲ ಗೊತ್ತು.

ವಿಷಯಕ್ಕೆ ಬರುತ್ತೇನೆ. ನಿಮ್ಮ ನೇಕಾರರ ಸಂಘಕ್ಕೆ ನಾನು ಆರಿಸಿಕೊಟ್ಟ ಲ್ಯಾಪ್‌ಟಾಪು ಕೈಕೊಡುತ್ತಿದೆ. ತೊಡೆಯ ಮೇಲೆ ಇಟ್ಟುಕೊಳ್ಳುವ ಯಂತ್ರ ಮೊಳಕಾಲ್ಮೂರಿಗೆ ಬಂದರೆ ಅಂಗಾಂಗ ಹೊಂದಿಕೆ ಚೆನ್ನಾಗಿರುತ್ತದೆ ಎಂದು ನಾನು ಹೇಳಿದ್ದೆನಲ್ಲ, ಈಗ ಅದನ್ನು ಯಾರ ತೊಡೆಯೂ ತಡೆಯುತ್ತಿಲ್ಲ. ಮಗ್ಗದಿಂದ ಎದ್ದು ಬಂದ ಮುದ್ದಕ್ಕ ಒಂದು ಸಲ ಮುಟ್ಟಿ ನೋಡಿ, “ಯಪ್ಪಾ, ಇದರ ಮ್ಯಾಲೆ ರೊಟ್ಟಿ ಹಾಕಿದ್ರೆ ಉಬ್ಬುತೈತೆ,” ಅಂದಳು. ಪ್ರೊಸೆಸರಿಗೆ ಕನ್ನಡದಲ್ಲಿ ‘ಸಂಸ್ಕಾರಕ’ ಎನ್ನಬೇಕಂತೆ, ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರ ಅಪ್ಪಣೆ. ಆರಿಸಿದವನಿಗೆ ಸಂಸ್ಕಾರವಿಲ್ಲದಿದ್ದರೆ ಸಂಸ್ಕಾರಕ ಏನು ಮಾಡೀತು!

ನಿನ್ನ ಶೇಂಗಾ ಬಳ್ಳಿಯ ಸೆರಗು ಅರ್ಧಕ್ಕೆ ನಿಂತಿದೆ. ನೀನು ಮೂರು ತಿಂಗಳು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿ ಬರೆದ ಬಳ್ಳಿ, ಎಲೆ, ಬೇರಿಗೆ ಜೋತ ಕಾಯಿ. ಅದನ್ನು ಯಂತ್ರದೊಳಗೆ ಹಾಕಿದರೆ, ಮಗ್ಗದ ನೆತ್ತಿಯ ಮೇಲೆ ತಿರುಗುವ ರಟ್ಟುಗಳಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅದು ಲೆಕ್ಕ ಹಾಕಿ ಕೊಡಬೇಕು. ಇದಿಷ್ಟೇ ಅದರ ಕೆಲಸ. ಆದರೆ ಲೆಕ್ಕ ಮುಗಿಯುವಷ್ಟರಲ್ಲಿ ಕರೆಂಟು ಹೋಗುತ್ತದೆ. ಕರೆಂಟು ಹೋದರೂ ನಡೆಯಲಿ ಅಂತಲೇ ಅಲ್ಲವೇ ಲ್ಯಾಪ್‌ಟಾಪು ತಂದದ್ದು? ಈ ಮಹರಾಯನ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಏದುಸಿರು ಬಿಟ್ಟು ಕಣ್ಣು ಮುಚ್ಚುತ್ತದೆ. ಮತ್ತೆ ಕರೆಂಟು, ಮತ್ತೆ ಮೊದಲಿಂದ. ಸಂಘದ ಅಧ್ಯಕ್ಷ ಹನುಮಣ್ಣ ನಿನ್ನೆ ಫೋನು ಮಾಡಿ, “ಏಮಿ ಸ್ವಾಮಿ, ಎಲ್ಲಿಗೋತು ನಿಮ್ ಗಿಗಾ?” ಅಂದ. “ಗಿಗಾಹರ್ಟ್ಸ್ ಅಲ್ಲ ಹನುಮಣ್ಣ, ಗಿಗಾಹರಟೆ,” ಅಂದೆ. ಆ ಕಡೆಯಿಂದ ನಗು ಬರಲಿಲ್ಲ. ನನ್ನ ಮಾತಿಗೆ ಹನುಮಣ್ಣ ನಗದಿದ್ದದ್ದು ಇದೇ ಮೊದಲು.

ಜನವರಿ ಇಪ್ಪತ್ತೊಂದರ ಭಾನುವಾರ ಏನಾಯಿತೆಂದು ನಿನಗೆ ಗೊತ್ತು. ಗೊತ್ತಿರುವುದನ್ನೇ ಇನ್ನೊಂದು ಸಲ ಹೇಳುವುದು ಮೇಷ್ಟ್ರುಗಳ ಕಸುಬು, ಸಹಿಸಿಕೋ. ಇಲ್ಲಿಯ ಕಂಪ್ಯೂಟರ್ ಅಂಗಡಿಯ ಬೊಮ್ಮಣ್ಣನಿಂದ ಎರಡು ಯಂತ್ರ ಪರೀಕ್ಷೆಗೆಂದು ಇಸಿದುಕೊಂಡು ಮುದ್ದಕ್ಕನ ಮನೆಗೆ ಬಂದಿದ್ದೆ. ಒಂದರದು ಒಂಟಿ ಮಿದುಳು, ವೇಗ 2.8 ಗಿಗಾಹರ್ಟ್ಸ್. ಇನ್ನೊಂದರದು ಜೋಡಿ ಮಿದುಳು, ವೇಗ ಬರೀ 1.66. ದೊಡ್ಡ ಸಂಖ್ಯೆಯದ್ದೇ ಓಡುವ ಕುದುರೆ ಎಂದು ನಾನು. ನೀನು ಎದ್ದು ನಿಂತು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ:

“ಸೀರೆ ಅಂಚಿನ ಬಣ್ಣ ಬ್ಯಾರೆ ಇದ್ರೆ ನಾವೇನ್ ಮಾಡ್ತೀವಿ? ಮಗ್ಗಕ್ಕೆ ಆ ಕಡಿಗೊಬ್ರು, ಈ ಕಡಿಗೊಬ್ರು ಕುಂತ್ಕಂತೀವಿ. ಒಬ್ಬನೇ ಎಷ್ಟು ಜೋರು ಕೈ ಆಡ್ಸಿದ್ರೂ ಆ ಕಡಿ ಲಾಳಿ ತರಾಕೆ ಎದ್ದೋಗ್ಬೇಕಲ್ಲ. ಇದೂ ಹಂಗೇಯ. ನಿಧಾನಸ್ತರು ಇಬ್ರು ಸೇರಿ ಜೋರಿನವನೊಬ್ಬನ್ನ ಸೋಲಿಸ್ತಾರೆ.”

ಕಂಪ್ಯೂಟರು ಮುಟ್ಟದ ನೇಕಾರರೆಲ್ಲ ತಲೆದೂಗಿದರು. “ಹೌದಲ್ಲೋ ಮತ್ತೆ!” ಅಂದಳು ಮುದ್ದಕ್ಕ. ಹಾಗಾದರೆ ಪಂದ್ಯ ಕಟ್ಟಿ ನೋಡೋಣ ಎಂದು ನಾನು ಕೈಗಡಿಯಾರ ಬಿಚ್ಚಿದೆ. ಹನುಮಣ್ಣ ತಡೆದ. “ನಿಮ್ ನಿಮಿಷ ತಗಂಡು ನಾವೇನ್ ಮಾಡನ ಸ್ವಾಮಿ? ಅಷ್ಟೊತ್ತಿಗೆ ಮುದ್ದಕ್ಕನ ಮಗ್ಗ ಎಷ್ಟು ಬೆರಳು ನೇಯ್ತೈತೆ, ಅದನ್ ಹೇಳ್ರಿ.” ನಿಮ್ಮ ಓಣಿಯ ಭಾಷೆಯೇ ಹಾಗೆ, ನೇಯ್ದ ಬಟ್ಟೆಯ ಬೆರಳಗಲವೇ ಹೊತ್ತಿನ ಅಳತೆ. ಸಂತೆಗೆ ಕರೆದರೆ “ನಿಂದ್ರು, ಎರಡು ಬೆರಳು ನೇಯ್ದು ಬರ್ತೀನಿ,” ಅನ್ನುವ ಜನ ನೀವು. ನನಗೆ ಆ ಗಡಿಯಾರ ಎಷ್ಟು ಹಿಡಿಸಿತೆಂದರೆ ಮೈ ಮರೆತೆ. ಮೊದಲನೆಯ ಯಂತ್ರ ನಿನ್ನ ಒಂದು ಹಾಳೆ ಮುಗಿಸುವಷ್ಟರಲ್ಲಿ ಮಗ್ಗ ನೇಯ್ದದ್ದು ಮೂರು ಬೆರಳು. ಎರಡನೆಯದು ಅದೇ ಹಾಳೆ ಮುಗಿಸುವಷ್ಟರಲ್ಲಿ ನಾಲ್ಕು ಬೆರಳು. ಕಡಿಮೆ ಬಟ್ಟೆ ನೇಯುವಷ್ಟರಲ್ಲಿ ಕೆಲಸ ಮುಗಿಸಿದ್ದೇ ಬೇಗದ್ದು. ಒಂಟಿ ಮಿದುಳಿಗೆ ಗೆಲುವು.

ನೀನು ಒಪ್ಪಲಿಲ್ಲ. “ಇನ್ನೊಂದ್ ಸಲ ಗಡಿಯಾರ ಇಟ್ಟು ನೋಡಾಣ ಕಣಲೇ,” ಅಂದೆ. ಆಗ ನಾನು ಆ ಮಾತು ಆಡಿದೆ. “ಜೋಡಿ ಇದ್ರೆ ಎಲ್ಲಾ ಬೇಗ ಆಗೋದಾಗಿದ್ರೆ, ನಮ್ ಓಬಳೇಶನ ಮನೇಲಿ ಜೋಡಿ ಯಾಕಪ್ಪಾ ನಿಲ್ಲಲಿಲ್ಲ?”

ಮನೆಯೆಲ್ಲ ನಕ್ಕಿತು. ಹನುಮಣ್ಣನಿಗೆ ಚಹಾ ಮೂಗಿಗೆ ಹತ್ತಿತು. ಆಶಾ ತವರಿಗೆ ಹೋಗಿ ಆಗ ಆರು ತಿಂಗಳಾಗಿತ್ತು ಅಲ್ಲವೇ? ಅದು ಬರೀ ಮಾತು ಕಣೋ. ಬಾಯಿಗೆ ಬಂತು, ಹೊರಗೆ ಬಿದ್ದಿತು. ನಾವು ಒಂದೇ ಬೆಂಚಿನಲ್ಲಿ ಕೂತಾಗಿನಿಂದ ಇಂಥ ಸಾವಿರ ಮಾತು ನಿನ್ನ ಮೇಲೆ ಎಸೆದಿದ್ದೇನೆ, ಎಲ್ಲದಕ್ಕೂ ಎಲ್ಲರಿಗಿಂತ ಮೊದಲು ನಕ್ಕವನು ನೀನು. ಅವತ್ತು ಗ್ರಾಫ್ ಹಾಳೆಗಳನ್ನು ಸುರುಳಿ ಸುತ್ತಿ ಎದ್ದೆ. ಮೂರನೆಯ ದಿನ ನಿನ್ನ ಮನೆಗೆ ಬೀಗ.

ಸೆರಗಿನ ಮೂಲೆಯ ಹಾಳೆ ಆ ಸುರುಳಿಯಲ್ಲೇ ಹೋಗಿದೆಯಂತೆ. ಅದಿಲ್ಲದೆ ಸೀರೆ ಮುಗಿಯುವುದಿಲ್ಲ. ನಿನ್ನ ವಿಳಾಸವನ್ನು ಹನುಮಣ್ಣನಿಂದ ಕಾಡಿ ಪಡೆದಿದ್ದೇನೆ. ಹಾಳೆ ಕಳಿಸು, ಆದರೆ ಹಾಳೆಯ ಜೊತೆಗೆ ನೀನೂ ಬಾ. ನೀನಿಲ್ಲದೆ ಸಂಘಕ್ಕೆ ಗ್ರಾಫ್ ಬರೆಯುವವರಿಲ್ಲ, ನನಗೆ ನಗುವವರಿಲ್ಲ.

ಇಂತು ನಿನ್ನ
ಮಾರುತೇಶ

ಮರೆತಿದ್ದು: ನೀನು ಅಲ್ಲಿ ಊಟಕ್ಕೆ ಏನು ಮಾಡುತ್ತೀ? ಅನ್ನ ತಿಂದರೆ ಹೊಟ್ಟೆ ತುಂಬಿದ ಹಾಗಾಗುವುದಿಲ್ಲ ಎನ್ನುತ್ತಿದ್ದೆ. ಅಲ್ಲಿ ಮುದ್ದೆ ಸಿಗುತ್ತದೋ?


ಮೊಳಕಾಲ್ಮೂರು
ಶುಕ್ರವಾರ, 9 ಫೆಬ್ರವರಿ 2007

ಓಬಳೇಶ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಅಂಚೆಯವನನ್ನು ದಿನಕ್ಕೆ ಎರಡು ಸಲ ಕೇಳಿ ಅವನು ಈಗ ನಮ್ಮ ಬೀದಿ ಬಿಟ್ಟು ಹಿಂದಿನ ಬೀದಿಯಲ್ಲಿ ಓಡಾಡುತ್ತಿದ್ದಾನೆ. ಕಾಯುವುದಕ್ಕಾಗದೆ ಎರಡನೆಯದು ಬರೆಯುತ್ತಿದ್ದೇನೆ, ಮುದ್ದಕ್ಕನ ಮನೆಯ ಕಟ್ಟೆಯ ಮೇಲೆ ಕೂತು. ಅಕ್ಷರ ಅಲುಗಿದ್ದರೆ ಅದಕ್ಕೆ ಕಾರಣ ಒಳಗಿನ ಮಗ್ಗ. ಅವಳು ಒಂದೊಂದು ಏಟು ಹಾಕಿದಾಗಲೂ ಕಟ್ಟೆ ಸಣ್ಣಗೆ ನಡುಗುತ್ತದೆ.

ಬೆಳಿಗ್ಗೆ ಬೊಮ್ಮಣ್ಣನ ಅಂಗಡಿಗೆ ಹೋಗಿ ಆ ಜೋಡಿ ಮಿದುಳಿನ ಯಂತ್ರವನ್ನು ಇನ್ನೊಂದು ದಿನಕ್ಕೆ ಕೊಡು ಎಂದೆ. ಅವನು ಗಲ್ಲಾ ಪೆಟ್ಟಿಗೆಯ ಮೇಲೆ ಗಲ್ಲ ಊರಿ, “ಇದೇನ್ ಸಾರ್, ಹೆಣ್ಣು ನೋಡೋ ಶಾಸ್ತ್ರನಾ? ಒಂದನ್ನ ಮದುವೆ ಆಗಿ ಮನೇಲಿಟ್ಕಂಡು ಇನ್ನೊಂದನ್ನ ಮತ್ತೆ ನೋಡಾಕೆ ಬಂದೀರಲ್ಲ,” ಅಂದ. ತಿಂಗಳೊಳಗೆ ತಂದರೆ ಬದಲಾಯಿಸಿ ಕೊಡುವುದಾಗಿ ಅವತ್ತೇ ಮಾತು ಕೊಟ್ಟಿದ್ದ. ಆ ಮಾತಿಗೆ ತಪ್ಪುವವನಲ್ಲ. ಇನ್ನು ಹನ್ನೆರಡು ದಿನ ಉಳಿದಿದೆ.

ಚೀಲ ಎದೆಗಪ್ಪಿ ಬಸ್ಸು ಹತ್ತಿದೆ. ತಳಕಿನಲ್ಲಿ ಬಸ್ಸು ನಿಂತಾಗ, ಇದೆಲ್ಲ ಯಾಕೆ ಬೇಕು, ವಾಪಸ್ಸು ಹೋಗಿಬಿಡೋಣ ಎಂದು ಇಳಿದೇಬಿಟ್ಟೆ. ಒಂದು ಚಹಾ ಕುಡಿದೆ. ಬಸ್ಸು ಹೊರಟಾಗ ಓಡಿ ಹತ್ತಿದೆ. ಕಂಡಕ್ಟರು, “ಏನ್ ಸಾರ್, ಕಾಲಿಗೆ ಚಕ್ರ ಕಟ್ಕಂಡೀರೇನು? ನಮ್ ಬಸ್ಸಿಗಾರ ಕೊಡ್ರಿ, ಒಂದು ಪಂಚರ್ ಆಗೈತೆ,” ಅಂದ. ಇಂಥ ಮಾತು ನಾನು ಆಡಬೇಕಾದದ್ದು. ಈಚೆಗೆ ಬೇರೆಯವರು ಆಡುತ್ತಿದ್ದಾರೆ.

ಈಗ ಕೇಳು. ಇಲ್ಲಿ ಬಂದು ಎರಡೂ ಯಂತ್ರಕ್ಕೆ ನಿನ್ನ ಅದೇ ಹಾಳೆಯನ್ನು ಹಾಕಿ, ಈ ಸಲ ಕೈಗಡಿಯಾರ ಇಟ್ಟು ನೋಡಿದೆ. ನಾನು ಆರಿಸಿದ ಒಂಟಿ ಮಿದುಳಿಗೆ ಹಿಡಿದದ್ದು ಇಪ್ಪತ್ತಾರು ನಿಮಿಷ. ನೀನು ಹೇಳಿದ ಜೋಡಿ ಮಿದುಳಿಗೆ ಹದಿನೈದು. ಇಪ್ಪತ್ತು ನಿಮಿಷಕ್ಕೆ ಸಾಯುವ ಬ್ಯಾಟರಿಯಲ್ಲಿ ಇಪ್ಪತ್ತಾರು ನಿಮಿಷದ ಕೆಲಸ ಹೇಗೆ ಮುಗಿಯಬೇಕು? ಕರೆಂಟಿನ ತಪ್ಪಲ್ಲ, ಯಂತ್ರದ ತಪ್ಪೂ ಅಲ್ಲ, ಅದು ತನ್ನ ಕೈಲಾದಷ್ಟು ಮಾಡುತ್ತಿದೆ. ಆರಿಸಿದವನ ತಪ್ಪು.

ಹಾಗಾದರೆ ಅವತ್ತು ಮೂರು ಬೆರಳು, ನಾಲ್ಕು ಬೆರಳು ಹೇಗೆ ಬಂತು? ಮುದ್ದಕ್ಕನನ್ನು ಕೇಳಿದೆ. ಅವಳು ಮಗ್ಗದ ಕುಣಿಯೊಳಗಿಂದ ಕತ್ತೆತ್ತಿ, ನಾನು ಅವಳ ಸೊಸೆಯ ಹೆಸರು ಮರೆತಿದ್ದೇನೆ ಎಂಬಂತೆ ನೋಡಿದಳು.

“ಅವತ್ತು ಮೊದಲ್ನೇದು ಓಡ್ತಿದ್ದಾಗ ನಾನು ಬುಟ್ಟಾ ಸಾಲಿನಾಗೆ ಇದ್ದೆ ಕಣ್ರೀ ಮೇಷ್ಟ್ರೇ. ಒಂದೊಂದು ಹೂವಿಗೂ ಜರಿ ಲಾಳಿ ಬ್ಯಾರೆ ಬ್ಯಾರೆ ಕೈಲಿ ದಾಟಿಸ್ಬೇಕು. ಮೂರು ಬೆರಳು ನೇಯಾಕೆ ಸೊಂಟ ಬಿದ್ದೋಗ್ತೈತೆ. ಎರಡ್ನೇದು ಹಚ್ಚೋವತ್ತಿಗೆ ಬುಟ್ಟಾ ಮುಗ್ದು ಬರೀ ಒಡಲು ಬಂದಿತ್ತು. ಅದನ್ನ ಕಣ್ಮುಚ್ಕಂಡು ನೇಯ್ತೀನಿ. ನಾಕಲ್ಲ, ಮಾತಾಡಿಸ್ದೆ ಇದ್ದಿದ್ರೆ ಐದು ಬೆರಳು ನೇಯ್ತಿದ್ದೆ!”

“ಅವತ್ತೇ ಯಾಕೆ ಹೇಳ್ಲಿಲ್ಲ ಮುದ್ದಕ್ಕಾ?”

“ಕೇಳಿದ್ರಾ? ನೀವೆಲ್ಲಾ ನಗಾಡ್ಕಂಡಿದ್ರಿ.”

ನಾನು ಹಣೆ ಹಣೆ ಬಡಿದುಕೊಂಡೆ. ಮಗ್ಗದ ಗಡಿಯಾರವೇ ಒಂದು ಯಂತ್ರಕ್ಕೆ ತೆವಳಿದೆ, ಇನ್ನೊಂದಕ್ಕೆ ಓಡಿದೆ! ಭೌತಶಾಸ್ತ್ರದ ಮೊದಲ ಪಾಠವೇ ಅಳತೆ ಮತ್ತು ಮಾನ. ಅಳೆಯುವ ಕೋಲು ತಾನೇ ಹಿಗ್ಗಿ ಕುಗ್ಗಬಾರದು ಎಂದು ಪ್ರತಿ ಜುಲೈಯಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ, ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಇನ್ನು ಆ ಗಿಗಾಹರ್ಟ್ಸ್ ಇದೆಯಲ್ಲ, ಅದು ಮಿದುಳು ಒಂದು ಸೆಕೆಂಡಿಗೆ ಎಷ್ಟು ಹೆಜ್ಜೆ ಹಾಕುತ್ತದೆ ಎಂದಷ್ಟೇ ಹೇಳುತ್ತದೆ. ಒಂದೊಂದು ಹೆಜ್ಜೆಯಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ಹೇಳುವುದಿಲ್ಲ. ಹಳೆಯದು ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಓಡಿ ಬೆವರುತ್ತದೆ. ಹೊಸದು ನೀಳ ಹೆಜ್ಜೆಯದು, ಜೊತೆಗೆ ಒಂದು ಮಿದುಳು ಬಣ್ಣ ಬೇರ್ಪಡಿಸುತ್ತಿರುವಾಗ ಇನ್ನೊಂದು ತೂತು ಎಣಿಸುತ್ತಿರುತ್ತದೆ. ನೀನು ಇದನ್ನೇ ಅಂಚಿನ ಲಾಳಿಯ ಮಾತಿನಲ್ಲಿ ಹೇಳಿದ್ದೆ, ಒಂದು ಇಂಗ್ಲಿಷ್ ಪದವೂ ಇಲ್ಲದೆ.

ನಾಡಿದ್ದು ಭಾನುವಾರ ಸಂಘದ ಸಭೆ. ಎಲ್ಲರ ಮುಂದೆ ಎದ್ದು ನಿಂತು ಹೇಳುತ್ತೇನೆ: ಓಬಳೇಶ ಹೇಳಿದ್ದು ಸರಿ, ಮೇಷ್ಟ್ರು ಹೇಳಿದ್ದು ತಪ್ಪು. ಶನಿವಾರದೊಳಗೆ ಈ ಕಾಗದ ಕೈಸೇರಿದರೆ ರಾಯದುರ್ಗದ ಬಸ್ಸು ಹಿಡಿದು ಬಾ. ನೀನು ಬಂದು ಕೂತಿದ್ದರೆ ಹೇಳಲು ಸುಲಭ. ಇಲ್ಲ, ಕಷ್ಟ. ಏನೋ ಒಂದು, ಬಾ.

ಮುದ್ದಕ್ಕ ಕೂಗುತ್ತಿದ್ದಾಳೆ, “ಮೇಷ್ಟ್ರೇ, ಅದೇನ್ ಬರೀತಿದ್ರೂ ಆ ಹುಡುಗಂಗೆ ನಾನು ಕೇಳ್ದೆ ಅಂತ ಬರೀರಿ.” ನಲವತ್ತು ದಾಟಿದ ಹುಡುಗನೇ, ಮುದ್ದಕ್ಕ ಕೇಳಿದಳು.

ನಿನ್ನ
ಮಾರುತೇಶ

ಮರೆತಿದ್ದು: ಇದೆಲ್ಲ ಇವತ್ತೇ ಗೊತ್ತಾಯಿತೆಂದು ನಂಬುತ್ತೀಯಲ್ಲ?


ಚಳ್ಳಕೆರೆ
ಗುರುವಾರ, 15 ಫೆಬ್ರವರಿ 2007

ಪ್ರೀತಿಯ ಓಬಳೇಶ,

ನಿನ್ನ ಲಕೋಟೆ ಇವತ್ತು ಮಧ್ಯಾಹ್ನ ಬಂತು. ಅಂಚೆಯವನು ಗೇಟಿನಿಂದಲೇ ಎಸೆದು ಓಡಿದ. ನಾನು ಬಿಸಿಲಿನಲ್ಲೇ ನಿಂತು ಹರಿದೆ. ಒಳಗೆ ಸೆರಗಿನ ಮೂಲೆಯ ಗ್ರಾಫ್ ಹಾಳೆ. ಹಾಳೆಯ ಬೆನ್ನು ನೋಡಿದೆ, ಲಕೋಟೆಯನ್ನು ಬಿಡಿಸಿ ಒಳಮೈ ನೋಡಿದೆ. ಒಂದು ಅಕ್ಷರ ಬರೆದಿಲ್ಲ. ಕಡೆಗೆ ಒಂದು ಬೈಗುಳವಾದರೂ ಬರೆಯಬಾರದಿತ್ತೇ?

ಆಮೇಲೆ ಹಾಳೆಯನ್ನೇ ನೋಡುತ್ತ ಕೂತೆ. ನಿನ್ನ ಬಳ್ಳಿಯಲ್ಲಿ ಎಲ್ಲ ಕಾಯಿಗೂ ಎರಡೆರಡು ಕಾಳು, ನಡುವೆ ಸೊಂಟ ಸಣ್ಣಗೆ. ಈ ಮೂಲೆಯ ಕಾಯಿಗಳಿಗೆ ಸೊಂಟವಿಲ್ಲ. ಒಂದೊಂದೇ ಕಾಳಿನ ಗುಂಡು ಕಾಯಿ, ಐದೂ ಹಾಗೇ. ಶಾಂತಕುಮಾರಿ ಹಿಂದೆ ಬಂದು ನಿಂತು, “ಒಂಟಿ ಕಾಳಿನವು ಯಾಕ್ ಬರೆದವ್ರೆ? ಬರೆಯೋವಾಗ ಮಳೆ ಕಮ್ಮಿ ಆಗಿತ್ತಾ?” ಅಂದಳು. ನಾನು ಹಾಳೆಯನ್ನು ಮಡಿಸಿ ಲಕೋಟೆಯೊಳಗೆ ಇಟ್ಟೆ.

ಭಾನುವಾರದ ಸುದ್ದಿ ಹೇಳುತ್ತೇನೆ. ನೀನು ಬರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ನಾನು ಕತ್ತು ತಿರುಗಿಸಿ, ಹನುಮಣ್ಣ, “ಮೇಷ್ಟ್ರಿಗೆ ಇವತ್ತು ಕುತ್ತಿಗೇಲೂ ಜೋಡಿ ಮೋಟಾರು,” ಅಂದ. ಎದ್ದು ನಿಂತೆ. ಹೇಳಿದೆ. ಆದರೆ ನನ್ನ ನಾಲಿಗೆ ಗೊತ್ತಲ್ಲ ನಿನಗೆ, ಅದು ನೇರ ನಡೆಯುವ ಜಾತಿಯದಲ್ಲ. ತೆವಳುವ ಗಡಿಯಾರ, ಬುಟ್ಟಾದಲ್ಲಿ ಬಿದ್ದ ಭೌತಶಾಸ್ತ್ರ, ಬೆರಳು ತೋರಿಸಿದವನ ಕಡೆಗೇ ತಿರುಗಿದ ನಾಲ್ಕು ಬೆರಳು ಎಂದೆಲ್ಲ ಹೆಣೆದೆ. ಜನ ಬಿದ್ದು ಬಿದ್ದು ನಕ್ಕರು. ಓಬಳೇಶ ಹೇಳಿದ್ದು ಸರಿ ಎಂಬುದನ್ನೂ ಹೇಳಿದೆ, ಹೇಳಿದೆ ಕಣೋ. ಆದರೆ ಅದು ನಗುವಿನ ನಡುವೆ ಬಂತು, ಮದುವೆ ಮನೆಯಲ್ಲಿ ಯಾರೋ ಯಾರನ್ನೋ ಕರೆದ ಹಾಗೆ. ಕೇಳಿಸಿಕೊಂಡವರು ಎಷ್ಟು ಮಂದಿಯೋ.

ಯಂತ್ರ ಬದಲಾಯಿಸುವುದೆಂದು ತೀರ್ಮಾನವಾಯಿತು. ಆಗ ಮುದ್ದಕ್ಕ ಎದ್ದಳು. ಸಂಘದ ಸಭೆಯಲ್ಲಿ ಅವಳು ಎದ್ದು ಮಾತಾಡಿದ್ದನ್ನು ನೀನು ನೋಡಿದ್ದೀಯಾ? ನಾನು ನೋಡಿರಲಿಲ್ಲ.

“ನಗಬ್ಯಾಡ್ರಪ್ಪಾ. ತಪ್ಪು ಮೇಷ್ಟ್ರುದಲ್ಲ, ನಂದು. ಬುಟ್ಟಾದಾಗಿದೀನಿ ತಡೀರಿ ಅಂತ ನಾನೇ ಬಾಯಿ ಬಿಡ್ಬೇಕಿತ್ತು. ಮೇಷ್ಟ್ರಿಗೇನು ಗೊತ್ತು ಮಗ್ಗದ ಸುದ್ದಿ? ನನ್ ಮಗ್ಗದಿಂದ ಆ ಹುಡುಗ ಊರು ಬಿಟ್ಟ.”

“ಹೋಗ್ಲಿ ಬಿಡು ಮುದ್ದಕ್ಕಾ, ಯಾರ್ದೂ ತಪ್ಪಲ್ಲ,” ಅಂದ ಹನುಮಣ್ಣ. ಎಲ್ಲರೂ ಹಾಗೇ ಅಂದರು. ನಾನೂ ಅಂದೆ.

ಆವತ್ತಿನಿಂದ ಮುದ್ದಕ್ಕ ಮಗ್ಗದ ಕುಣಿಗೆ ಇಳಿದಿಲ್ಲವಂತೆ. ನಾಲ್ಕು ದಿನವಾಯಿತು. ಮೊಣಕಾಲು ನೋವು ಅನ್ನುತ್ತಾಳಂತೆ. ನಿನ್ನೆ ಹೊಸ ಯಂತ್ರವನ್ನು ತಲುಪಿಸಲು ಹೋದಾಗ ನಾನೂ ನೋಡಿದೆ, ಅರ್ಧ ಸೀರೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ್ದಾಳೆ. ಕಟ್ಟೆಯ ಮೇಲೆ ಕೂತೆ. ಕಟ್ಟೆ ನಡುಗಲಿಲ್ಲ. “ನೀವು ಬ್ಯಾಸರ ಮಾಡ್ಕಬ್ಯಾಡ್ರಿ ಮೇಷ್ಟ್ರೇ,” ಎಂದು ಅವಳೇ ನನಗೆ ಸಮಾಧಾನ ಹೇಳಿ ಮಜ್ಜಿಗೆ ಕೊಟ್ಟಳು. ಕುಡಿದೆ.

ಹೊಸ ಯಂತ್ರ ಚೆನ್ನಾಗಿದೆ. ಕರೆಂಟು ಹೋದರೂ ಕೆಲಸ ಮುಗಿಸಿ ಇನ್ನೂ ಉಸಿರು ಉಳಿಸಿಕೊಂಡಿರುತ್ತದೆ. ನಿನ್ನ ಹಾಳೆಯನ್ನು ನಾಳೆ ಹನುಮಣ್ಣನ ಕೈಗೆ ಕೊಡುತ್ತೇನೆ. ಆ ಐದು ಕಾಯಿಗಳನ್ನು ಎರಡು ಕಾಳಿನವು ಮಾಡಬೇಕೋ, ಹಾಗೇ ಬಿಡಬೇಕೋ ಎಂದು ಅವನು ಖಂಡಿತ ಕೇಳುತ್ತಾನೆ. ಹಾಗೇ ಬಿಡು, ಬರೆದವನಿಗೆ ಗೊತ್ತಿದೆ ಅನ್ನುತ್ತೇನೆ.

ನಾನು ನಿನಗಿಂತ ಎಂಟು ತಿಂಗಳು ದೊಡ್ಡವನು. ಆ ಎಂಟು ತಿಂಗಳ ಅಧಿಕಾರದಿಂದ ಹರಸುತ್ತೇನೆ: ನಿನ್ನ ಕೈ ಗಟ್ಟಿಯಾಗಿರಲಿ, ಕಣ್ಣಿಗೆ ಚೌಕಗಳು ಮಸುಕಾಗದಿರಲಿ, ಅಲ್ಲಿಯ ಜನ ನಿನ್ನ ಮಾತನ್ನು ಪೂರ್ತಿ ಕೇಳಲಿ.

ನಿನ್ನ
ಮಾರುತೇಶ

ಮರೆತಿದ್ದು: ಮರೆತಿಲ್ಲ. ಮೂರು ಕಾಗದಗಳಿಂದ ಈ ಜಾಗಕ್ಕೆ ಬಂದು ಬಂದು ತಿರುಗಿ ಹೋಗುತ್ತಿದ್ದೇನೆ.

ಇದರ ಜೊತೆ ಒಂದು ಬಸ್ಸಿನ ಟಿಕೆಟ್ಟು ಇಟ್ಟಿದ್ದೇನೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ. ಕಂಡಕ್ಟರು ಪೆನ್ನಿನಲ್ಲಿ ಬರೆದ ತಾರೀಖು ನೋಡು, ಜನವರಿ ಇಪ್ಪತ್ತೊಂದು. ತಿರುಗಿಸಿ ನೋಡು. 26 ಮತ್ತು 15. ನನ್ನ ಕೈಬರಹ ನಿನಗೆ ಗೊತ್ತು.

ಹನುಮಣ್ಣ ಬೆರಳಿನ ಲೆಕ್ಕ ಸಾಕು ಅಂದರೂ ನಾನು ಗಡಿಯಾರ ನೋಡಿದ್ದೆ. ಅಭ್ಯಾಸಬಲ. ಎರಡೂ ಸಲ ನೋಡಿ ಟಿಕೆಟ್ಟಿನ ಹಿಂದೆ ಗೀಚಿಕೊಂಡಿದ್ದೆ. ಬುಟ್ಟಾ ಮುಗಿದಾಗ ಮಗ್ಗದ ಸದ್ದು ಬದಲಾದದ್ದೂ ಕೇಳಿಸಿತ್ತು. ‘ಗಡಿಯಾರ ಇಟ್ಟು ನೋಡಾಣ ಕಣಲೇ’ ಎಂದು ನೀನು ಕೇಳಿದಾಗ ಈ ಚೀಟಿ ನನ್ನ ಮುಷ್ಟಿಯೊಳಗಿತ್ತು. ಮುಷ್ಟಿ ಬಿಚ್ಚಿದ್ದರೆ ನೀನು ಗೆಲ್ಲುತ್ತಿದ್ದೆ. ನಾನು ಬಾಯಿ ಬಿಚ್ಚಿದೆ. ಆಶಾಳ ಮಾತು ಬಾಯಿಗೆ ತಾನಾಗಿ ಬರಲಿಲ್ಲ. ನೀನು ಅಂಚಿನ ಲಾಳಿಯ ಮಾತು ಹೇಳಿ ಎಲ್ಲರೂ ತಲೆದೂಗಿದರಲ್ಲ, ಆಗಲೇ ಹುಡುಕಿ ಇಟ್ಟುಕೊಂಡಿದ್ದೆ. ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ, ನನ್ನ ಮಾತಿಗೆ ಜನ ನಕ್ಕಿದ್ದಾರೆ; ಹಾಗೆ ತಲೆದೂಗಿದವರಿಲ್ಲ.

ಶುಕ್ರವಾರ ಮುದ್ದಕ್ಕನ ಮುಂದೆ ಹಣೆ ಬಡಿದುಕೊಂಡದ್ದು ನಾಟಕ. ಶಾಂತಕುಮಾರಿ ಅಂಗಿ ಒಗೆಯುವಾಗ ಜೇಬಿನಲ್ಲಿ ಇದು ಸಿಕ್ಕಿ, “ಏನ್ರೀ ಇದು, 26, 15, ಲಾಟರಿ ನಂಬರಾ?” ಎಂದು ಕೇಳಿದ್ದಳು. ಫೇಲಾದ ಹುಡುಗರ ರೋಲ್ ನಂಬರು ಅಂದಿದ್ದೆ.

ನಾಳೆ ಶಿವರಾತ್ರಿ, ಕಾಲೇಜಿಗೆ ರಜ. ಮೊದಲ ಬಸ್ಸಿಗೆ ಹೋಗಿ ಮುದ್ದಕ್ಕನಿಗೆ ಹೇಳುತ್ತೇನೆ. ತಳಕಿನಲ್ಲಿ ಇಳಿಯುವುದಿಲ್ಲ. ಆದರೆ ನನ್ನ ಬಾಯಿಂದ ಬಂದದ್ದನ್ನು ಅವಳು ತಮಾಷೆ ಅಂದುಕೊಳ್ಳುತ್ತಾಳೆ, ತನ್ನನ್ನು ಮಗ್ಗಕ್ಕೆ ಇಳಿಸಲು ಮೇಷ್ಟ್ರು ಕಟ್ಟಿದ ಕಥೆ ಅಂದುಕೊಳ್ಳುತ್ತಾಳೆ. ಹಾಗೇನಾದರೂ ಆದರೆ ಈ ಕಾಗದ ನಿನ್ನ ಕೈಸೇರುವಷ್ಟು ದಿನ ಬಿಟ್ಟು, ಅವಳ ಮನೆಯಿಂದಲೇ ನಿನಗೆ ಫೋನು ಮಾಡಿ ಅವಳ ಕೈಗೆ ಕೊಡುತ್ತೇನೆ. ನನಗಾಗಿ ಬೇಡ, ಅವಳಿಗಾಗಿ ಎತ್ತು. ಟಿಕೆಟ್ಟು ನೋಡಿಕೊಂಡು ಹಿಂದೆ ಬರೆದಿರುವುದನ್ನು ಓದಿ ಹೇಳು. ನೀನು ಹೇಳಿದರೆ ನಂಬುತ್ತಾಳೆ.